ಸೈಟು ತಗೊಂಡು ಕಟ್ಟುವುದೋ, ಕಟ್ಟಿದ ಮನೆ ಕೊಳ್ಳುವುದೋ: ಮೊದಲ ಗೃಹಸಾಲಕ್ಕೆ ಮುನ್ನ ಹಾಕಬೇಕಾದ ಲೆಕ್ಕ

ಸೆಂಟ್ರಿಂಗ್ ಕೂತಿತ್ತು, ಕಬ್ಬಿಣ ಕಟ್ಟಿ ಮುಗಿದಿತ್ತು, ಮರುದಿನ ಬೆಳಿಗ್ಗೆ ಆರಕ್ಕೆ ಮೋಲ್ಡ್ ಹಾಕಲು ಮಿಕ್ಸರ್ ಗಾಡಿಗೂ ಆಳುಗಳಿಗೂ ಹೇಳಿಯಾಗಿತ್ತು. ಬ್ಯಾಂಕಿನಿಂದ ಬರಬೇಕಿದ್ದ ಮೂರನೇ ಕಂತು ಮಾತ್ರ ಬಂದಿರಲಿಲ್ಲ. ಸ್ಥಳ ನೋಡಬೇಕಾದ ಎಂಜಿನಿಯರು ರಜೆಯಲ್ಲಿದ್ದಾರಂತೆ. ಸೆಂಟ್ರಿಂಗ್‌ಗೆ ದಿನದ ಲೆಕ್ಕದಲ್ಲಿ ಬಾಡಿಗೆ ಓಡುತ್ತಿತ್ತು. ಮೇಸ್ತ್ರಿ ಏನೂ ಹೇಳಲಿಲ್ಲ, ಬೀಡಿ ಹಚ್ಚಿಕೊಂಡು ಜಲ್ಲಿ ರಾಶಿಯ ಮೇಲೆ ಕೂತ, ಅಷ್ಟೆ. ಅವತ್ತು ಮಧ್ಯಾಹ್ನ ಹೆಂಡತಿಯ ನಾಲ್ಕು ಬಳೆ ಚಿನ್ನದ ಸಾಲಕ್ಕೆ ಹೋದವು. ಆ ದುಡ್ಡು ಒಂದು ಗಂಟೆಯಲ್ಲಿ ಕೈಗೆ ಬಂತು. ಗೃಹಸಾಲದ ಕಂತು ಬರಲು ಇನ್ನೂ ಹನ್ನೊಂದು ದಿನ ಹಿಡಿಯಿತು.

ಸಾಲ ಮಂಜೂರಾಗಿತ್ತು, ಕಾಗದ ಪತ್ರಗಳೆಲ್ಲ ಸರಿ ಇದ್ದವು, ತಿಂಗಳ ಇಎಂಐ ಕಟ್ಟುವ ಶಕ್ತಿಯೂ ಇತ್ತು. ಆದರೂ ಸಿಕ್ಕಿಬಿದ್ದೆವು. ಮನೆ ವಿಷಯ ಮಾತಾಡುವಾಗ ಎಲ್ಲರೂ ಕೇಳುವುದು «ಇಎಂಐ ಎಷ್ಟು ಬರುತ್ತೆ» ಅಂತ. ನಾನು ಮೊದಲು ಕೇಳುವುದು, ಇವತ್ತು ಕೈಯಲ್ಲಿ ಎಷ್ಟಿದೆ ಅಂತ. ಕೊಳ್ಳುವುದೋ ಕಟ್ಟುವುದೋ ಎಂಬುದನ್ನು ಹೆಚ್ಚಿನ ಸಲ ತೀರ್ಮಾನಿಸುವುದು ಆ ಎರಡನೇ ಪ್ರಶ್ನೆಯೇ. ಏಕೆಂದರೆ ಎರಡಕ್ಕೂ ಸಿಗುವ ಸಾಲದ ಹೆಸರು ಒಂದೇ ಆದರೂ ದುಡ್ಡು ಕೈಗೆ ಬರುವ ರೀತಿ ಬೇರೆ.

(ಗೊಂದಲ ಬೇಡವೆಂದು ಮೊದಲೇ ಹೇಳಿಬಿಡುತ್ತೇನೆ: ಬ್ಯಾಂಕು ನಮಗೆ ಬಿಡುಗಡೆ ಮಾಡುವುದನ್ನು «ಕಂತು» ಎಂದೂ ನಾವು ತಿಂಗಳು ತಿಂಗಳು ಕಟ್ಟುವುದನ್ನು «ಇಎಂಐ» ಎಂದೂ ಕರೆಯುತ್ತೇನೆ.)

ಹೆಜ್ಜೆ 1: ಬ್ಯಾಂಕು ಎಷ್ಟು ಕೊಡುತ್ತದೆ ಎಂದು ಮನೆಯಲ್ಲೇ ಲೆಕ್ಕ ಹಾಕಿ

ಬ್ಯಾಂಕಿನ ಬಳಿ ಎರಡು ಅಳತೆಗೋಲು ಇರುತ್ತವೆ. ಎರಡರಲ್ಲಿ ಯಾವುದು ಕಡಿಮೆ ತೋರಿಸುತ್ತದೋ ಅಷ್ಟೇ ಸಾಲ.

ಒಂದು, ನಿಮ್ಮ ಸಂಬಳ. ಕೈಗೆ ಬರುವ ಸಂಬಳದಲ್ಲಿ ಸುಮಾರು ಅರ್ಧದವರೆಗೆ ಇಎಂಐಗೆ ಹೋಗಬಹುದೆಂದು ಬ್ಯಾಂಕು ಲೆಕ್ಕ ಹಿಡಿಯುತ್ತದೆ. ನನ್ನ ಕೇಳಿದರೆ ನೂರಕ್ಕೆ 40ರ ಮೇಲೆ ಹೋಗಬೇಡಿ. ಶೇ 8.5 ಬಡ್ಡಿ, 20 ವರ್ಷ ಎಂದಿಟ್ಟುಕೊಂಡರೆ ಪ್ರತಿ ಲಕ್ಷಕ್ಕೆ ತಿಂಗಳಿಗೆ 868 ರೂಪಾಯಿ ಇಎಂಐ ಬರುತ್ತದೆ. ಈ 868 ಅನ್ನು ನೆನಪಿಟ್ಟುಕೊಳ್ಳಿ, ಬಾಯಿಲೆಕ್ಕಕ್ಕೆ ಸಾಕು. 40 ಲಕ್ಷಕ್ಕೆ ಸುಮಾರು 34,700. ಈಗಾಗಲೇ ಬೈಕಿಗೋ ಫೋನಿಗೋ ತಿಂಗಳಿಗೆ 5,000 ಕಟ್ಟುತ್ತಿದ್ದರೆ, ನಿಮ್ಮ ಗೃಹಸಾಲದ ಅರ್ಹತೆಯಲ್ಲಿ ಹತ್ತಿರ ಹತ್ತಿರ 5.75 ಲಕ್ಷ ಕೈಬಿಟ್ಟಂತೆ. ಸಾಲ ಕೇಳುವ ಆರು ತಿಂಗಳು ಮೊದಲೇ ಇಂಥ ಚಿಲ್ಲರೆ ಸಾಲಗಳನ್ನು ತೀರಿಸಿದರೆ ಸಿಬಿಲ್ ಸ್ಕೋರಿಗೂ (ಸಾಲ ತೀರಿಸುವುದರಲ್ಲಿ ನೀವು ಎಷ್ಟು ನಂಬಿಕಸ್ಥರೆಂದು ತೋರಿಸುವ ಅಂಕ) ಒಳ್ಳೆಯದು. 750ರ ಮೇಲಿದ್ದವರಿಗೆ ಬಡ್ಡಿಯ ಚೌಕಾಸಿ ಸುಲಭ.

ಎರಡು, ಆಸ್ತಿಯ ಬೆಲೆ. ರಿಸರ್ವ್ ಬ್ಯಾಂಕಿನ ನಿಯಮದಂತೆ ಸಾಲ 30 ಲಕ್ಷದವರೆಗಿದ್ದರೆ ಬೆಲೆಯ ಶೇ 90ರವರೆಗೆ, 30ರಿಂದ 75 ಲಕ್ಷದವರೆಗೆ ಶೇ 80, ಅದಕ್ಕೂ ಮೇಲಾದರೆ ಶೇ 75 ಕೊಡಬಹುದು. ಇದು ಮೇಲ್ಮಿತಿ, ನಿಮ್ಮ ಹಕ್ಕಲ್ಲ. ಇನ್ನೊಂದು ಮುಖ್ಯ ವಿಷಯ: 10 ಲಕ್ಷದೊಳಗಿನ ಮನೆ ಬಿಟ್ಟರೆ ಮುದ್ರಾಂಕ ಶುಲ್ಕ, ನೋಂದಣಿ ಖರ್ಚು ಈ ಬೆಲೆಯಲ್ಲಿ ಸೇರುವುದಿಲ್ಲ. ಅದು ಪೂರ್ತಿ ನಿಮ್ಮ ಜೇಬಿನಿಂದ.

ಬೆಲೆ ಎಂದರೆ ಯಾವ ಬೆಲೆ? ಕರಾರು ಪತ್ರದಲ್ಲಿರುವುದು ಅಥವಾ ಬ್ಯಾಂಕಿನ ಮೌಲ್ಯಮಾಪಕರು ಹೇಳುವುದು, ಎರಡರಲ್ಲಿ ಕಡಿಮೆಯದು. «ಮಾರ್ಗಸೂಚಿ ದರಕ್ಕೆ (ನೋಂದಣಿಗೆ ಸರ್ಕಾರ ಗೊತ್ತುಮಾಡಿದ ಕನಿಷ್ಠ ದರ) ರಿಜಿಸ್ಟರ್ ಮಾಡ್ಸಿ, ಉಳಿದದ್ದು ಕ್ಯಾಶ್ ಕೊಡಿ ಸಾರ್» ಎನ್ನುವ ಮಾರಾಟಗಾರರು ಎಲ್ಲ ಊರಲ್ಲೂ ಇದ್ದಾರೆ. ಅದು ಕಾನೂನಿಗೆ ವಿರುದ್ಧ ಎಂಬುದು ಹಾಗಿರಲಿ, ಸಾಲ ತೆಗೆದುಕೊಳ್ಳುವವನಿಗೆ ಲೆಕ್ಕದಲ್ಲೇ ಅದು ಹೊಂದುವುದಿಲ್ಲ. ಕಾಗದದಲ್ಲಿ 30 ಲಕ್ಷ ಬರೆದು ಕೈಯಲ್ಲಿ 15 ಲಕ್ಷ ಕೊಟ್ಟರೆ ಬ್ಯಾಂಕು ನೋಡುವುದು ಆ 30 ಲಕ್ಷವನ್ನು ಮಾತ್ರ.

ಹೆಜ್ಜೆ 2: ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ

ಸುಮಾರು 50 ಲಕ್ಷದ ಬಜೆಟ್ ಎಂದುಕೊಳ್ಳೋಣ. ಒಂದು ಕಡೆ ಬೆಂಗಳೂರಿನಲ್ಲಿ ಕಟ್ಟಿ ಮುಗಿದ ಫ್ಲ್ಯಾಟು. ಇನ್ನೊಂದು ಕಡೆ ತುಮಕೂರಿನಂಥ ಊರಿನಲ್ಲಿ 20 ಲಕ್ಷದ ಮೂವತ್ತು-ನಲವತ್ತು ಸೈಟು, ಅದರ ಮೇಲೆ ಹನ್ನೆರಡು ಚದರದ ಮನೆ (ಒಂದು ಚದರ ಎಂದರೆ 100 ಚದರಡಿ). ಬೆಲೆಗಳು ನನ್ನ ಉದಾಹರಣೆಯವು, ನಿಮ್ಮೂರಿನದನ್ನು ಹಾಕಿಕೊಳ್ಳಿ.

ಫ್ಲ್ಯಾಟು 50 ಲಕ್ಷ. ಬ್ಯಾಂಕು ಶೇ 80 ಎಂದರೆ 40 ಲಕ್ಷ ಕೊಡುತ್ತದೆ, ನಿಮ್ಮದು 10 ಲಕ್ಷ. ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ಸು, ಸರ್‌ಚಾರ್ಜು ಸೇರಿ ನಗರದಲ್ಲಿ ಶೇ 5.6 ಆಗುತ್ತದೆ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2 ಆಗಿದೆ. ಒಟ್ಟು ಶೇ 7.6, ಅಂದರೆ 3.8 ಲಕ್ಷ. ವಕೀಲರು, ಪ್ರೊಸೆಸಿಂಗ್, ದಾಖಲೆ ಒತ್ತೆ ಇಡುವ ಖರ್ಚು ಅರ್ಧ ಲಕ್ಷ ಎಂದು ಹಿಡಿಯಿರಿ. ಒಟ್ಟು ಕೈಯಿಂದ 14.3 ಲಕ್ಷ. ಮುಂದಿನ ತಿಂಗಳಿಂದ 34,700 ಇಎಂಐ, ಮನೆ ಬಾಡಿಗೆ ನಿಂತುಹೋಗುತ್ತದೆ.

ಈಗ ಕಟ್ಟುವ ಲೆಕ್ಕ. ಚದರಕ್ಕೆ 2.2 ಲಕ್ಷದಂತೆ ಹನ್ನೆರಡು ಚದರಕ್ಕೆ 26.4 ಲಕ್ಷ. ಪ್ಲಾನ್ ಮಂಜೂರಾತಿ, ಬೋರ್‌ವೆಲ್, ಸಂಪು, ಕಾಂಪೌಂಡು, ಕರೆಂಟು ಎಲ್ಲ ಸೇರಿ 4 ಲಕ್ಷ. ಸೈಟಿನ ಮೇಲೆ ಬ್ಯಾಂಕು ಶೇ 70, ಕಟ್ಟಡದ ಮೇಲೆ ಶೇ 80 ಕೊಟ್ಟಿತು ಎಂದುಕೊಂಡರೆ ಸಾಲ 35 ಲಕ್ಷದ ಆಸುಪಾಸು. ಇಎಂಐ 30,500. ನೋಡಿದರೆ ಫ್ಲ್ಯಾಟಿಗಿಂತ ಹಗುರ!

ಕೈದುಡ್ಡಿಗೆ ಬನ್ನಿ. ಸೈಟಿನ ಪಾಲು 6 ಲಕ್ಷ, ಅದರ ನೋಂದಣಿ 1.52 ಲಕ್ಷ, ಕಟ್ಟಡದ ಪಾಲು 5.28 ಲಕ್ಷ, ಮೇಲಿನ 4 ಲಕ್ಷ, ಅದೇ ಅರ್ಧ ಲಕ್ಷದ ಸಣ್ಣಪುಟ್ಟ ಖರ್ಚು. ಕಟ್ಟುವ ಒಂದು ವರ್ಷ ತಿಂಗಳಿಗೆ 12,000ದಂತೆ ಬಾಡಿಗೆ 1.44 ಲಕ್ಷ. ಅದೇ ವರ್ಷ ಸಾಲದ ಮೇಲಿನ ಬಡ್ಡಿ ಸುಮಾರು 2.1 ಲಕ್ಷ. ಕೊನೆಗೆ ಅಂದಾಜು ಮೀರುವ ಖರ್ಚು. ಇದಕ್ಕೆ 3 ಲಕ್ಷ ಇಟ್ಟಿದ್ದೇನೆ, ಅದೂ ಮನಸ್ಸು ಗಟ್ಟಿ ಮಾಡಿಕೊಂಡು ಕಡಿಮೆ ಇಟ್ಟಿದ್ದು. ಕೂಡಿದರೆ 23.8 ಲಕ್ಷ.

ಇಎಂಐ ನಾಲ್ಕು ಸಾವಿರ ಕಡಿಮೆ, ಕೈದುಡ್ಡು ಒಂಬತ್ತೂವರೆ ಲಕ್ಷ ಹೆಚ್ಚು. ಬದಲಿಗೆ ಸಿಗುವುದೇನು? ಪೂರ್ತಿ 1,200 ಚದರಡಿ ನೆಲ ನಿಮ್ಮದು. ಫ್ಲ್ಯಾಟಿನಲ್ಲಿ ನೆಲದ ಅವಿಭಾಜ್ಯ ಪಾಲು ಮಾತ್ರ. ನಾಳೆ ಮೇಲೊಂದು ಮಹಡಿ ಏರಿಸಿ ಬಾಡಿಗೆಗೆ ಕೊಡಬಹುದು. ಕಟ್ಟುವುದು ಮೂರ್ಖತನ ಅಂತ ನಾನು ಖಂಡಿತ ಹೇಳುತ್ತಿಲ್ಲ, ನಾನೇ ಕಟ್ಟಿದವನು. 15 ಲಕ್ಷ ಇಟ್ಟುಕೊಂಡು ಕಟ್ಟಲು ಹೊರಡಬೇಡಿ ಎನ್ನುತ್ತಿದ್ದೇನೆ, ಅಷ್ಟೆ.

ಅಪ್ಪನೋ ಅಜ್ಜನೋ ಬಿಟ್ಟುಹೋದ ಸೈಟು ಇದ್ದರೆ ಈ ಲೆಕ್ಕ ತಲೆಕೆಳಗಾಗುತ್ತದೆ, ಕಟ್ಟುವುದೇ ಸರಿ. ಆದರೆ ಸೈಟು ಅಪ್ಪನ ಹೆಸರಲ್ಲಿದ್ದು ಸಂಬಳ ಮಗನದಾಗಿದ್ದರೆ ಅಪ್ಪನೂ ಸಾಲಪತ್ರಕ್ಕೆ ಸಹಿ ಹಾಕಬೇಕಾಗುತ್ತದೆ. ಇಲ್ಲವೇ ದಾನಪತ್ರದ ಮೂಲಕ ಸೈಟು ಮಗನ ಹೆಸರಿಗೆ ಬರಬೇಕು. ಮನೆಯವರ ನಡುವಿನ ದಾನಪತ್ರಕ್ಕೆ ಇಲ್ಲಿ ಶೇಕಡಾವಾರು ಮುದ್ರಾಂಕ ಶುಲ್ಕವಿಲ್ಲ, ನಿಗದಿತ ಸಣ್ಣ ಮೊತ್ತ ಸಾಕು. ಅಕ್ಕತಂಗಿಯರು, ಅಣ್ಣತಮ್ಮಂದಿರ ಒಪ್ಪಿಗೆಯನ್ನು ಗುದ್ದಲಿ ಪೂಜೆಗೆ ಮೊದಲು ಪಡೆಯಿರಿ, ಗೃಹಪ್ರವೇಶಕ್ಕೆ ಕರೆಯುವಾಗಲ್ಲ.

ಹೆಜ್ಜೆ 3: ಸರಿಯಾದ ಸಾಲ ಯಾವುದು

ಕಟ್ಟಿದ ಮನೆಗೆ, ಹಳೆಯದಿರಲಿ ಹೊಸದಿರಲಿ, ಸಾಮಾನ್ಯ ಗೃಹಸಾಲ. ನೋಂದಣಿಯ ದಿನ ಮಾರುವವರ ಹೆಸರಿಗೆ ಒಂದೇ ಸಲ ಚೆಕ್ ಹೋಗುತ್ತದೆ. ಇದಕ್ಕಿಂತ ಸರಳವಾದದ್ದು ಇಲ್ಲ.

ಸೈಟು ಇದ್ದವರಿಗೆ ನಿರ್ಮಾಣ ಸಾಲ. ಎಂಜಿನಿಯರ್ ಸಹಿ ಮಾಡಿದ ಅಂದಾಜುಪಟ್ಟಿಯ ಮೇಲೆ ಸಿಗುತ್ತದೆ.

ಸೈಟೂ ಇಲ್ಲ, ಮನೆಯೂ ಇಲ್ಲ ಎನ್ನುವವರು ಸೈಟು ಮತ್ತು ಕಟ್ಟಡ ಎರಡಕ್ಕೂ ಸೇರಿಸಿ ಕೊಡುವ ಕಾಂಪೋಸಿಟ್ ಸಾಲ ಕೇಳಬೇಕು. ಇಲ್ಲಿ ಎಷ್ಟೋ ಜನ ಎಡವುತ್ತಾರೆ. «ಸದ್ಯಕ್ಕೆ ಸೈಟ್ ಲೋನ್ ತಗೊಳ್ಳೋಣ, ಆಮೇಲೆ ನೋಡೋಣ» ಎಂದು ಬರೀ ನಿವೇಶನ ಸಾಲ ತೆಗೆದರೆ ಬಡ್ಡಿ ಸ್ವಲ್ಪ ಹೆಚ್ಚು, ಅವಧಿ ಕಡಿಮೆ, ಮನೆ ಕಟ್ಟಿ ಮುಗಿಯುವವರೆಗೆ ತೆರಿಗೆ ವಿನಾಯಿತಿಯೂ ಇಲ್ಲ. ಕಾಂಪೋಸಿಟ್ ಸಾಲದಲ್ಲೂ ಇಂತಿಷ್ಟು ವರ್ಷದೊಳಗೆ ಕಟ್ಟಬೇಕೆಂಬ ಷರತ್ತಿರುತ್ತದೆ. ಕಟ್ಟದೆ ಬಿಟ್ಟರೆ ಬಡ್ಡಿ ಏರಿಸುವ ಅಧಿಕಾರವನ್ನು ಬ್ಯಾಂಕು ಕರಾರಿನಲ್ಲೇ ಬರೆದಿಟ್ಟುಕೊಂಡಿರುತ್ತದೆ. ಆ ವಾಕ್ಯವನ್ನು ಹುಡುಕಿ ಓದಿ.

ಬಿಲ್ಡರ್ ಇನ್ನೂ ಕಟ್ಟುತ್ತಿರುವ ಫ್ಲ್ಯಾಟು ನಾಲ್ಕನೆಯದು. ಕಂತು ಕಂತಾಗಿ ಬಿಲ್ಡರ್‌ಗೆ ಹಣ ಹೋಗುತ್ತದೆ, ನೀವು ಬಾಡಿಗೆಯನ್ನೂ ಬಡ್ಡಿಯನ್ನೂ ಕಟ್ಟುತ್ತಿರುತ್ತೀರಿ. ಬೆಲೆಯ ಮೇಲೆ ಶೇ 5 ಜಿಎಸ್‌ಟಿ ಬೇರೆ. 45 ಲಕ್ಷದೊಳಗಿನ, ಬೆಂಗಳೂರಿನಲ್ಲಾದರೆ 60 ಚದರ ಮೀಟರ್ ಕಾರ್ಪೆಟ್ ಏರಿಯಾ ಮೀರದ ಮನೆಗೆ ಶೇ 1. ಕಟ್ಟಡ ಮುಗಿದ ಪ್ರಮಾಣಪತ್ರ ಬಂದ ಮೇಲೆ ಕೊಂಡರೆ ಜಿಎಸ್‌ಟಿಯೇ ಇಲ್ಲ. ಮೊದಲ ಮನೆ ಕೊಳ್ಳುವವರು ಇದನ್ನು ಕೊನೆಯ ಆಯ್ಕೆಯಾಗಿ ಇಟ್ಟುಕೊಳ್ಳುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಕೊಳ್ಳಲೇಬೇಕಿದ್ದರೆ ಕರ್ನಾಟಕ ರೇರಾ (ಬಿಲ್ಡರ್‌ಗಳ ಮೇಲೆ ಕಣ್ಣಿಡುವ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಜಾಲತಾಣದಲ್ಲಿ ಯೋಜನೆಯ ನೋಂದಣಿ ನೋಡಿ. ಕರಾರು ಪತ್ರ ನೋಂದಣಿ ಆಗುವ ಮೊದಲು ಬಿಲ್ಡರ್ ಬೆಲೆಯ ಶೇ 10ಕ್ಕಿಂತ ಹೆಚ್ಚು ಕೇಳುವಂತಿಲ್ಲ.

ಹೆಜ್ಜೆ 4: ಮುಂಗಡ ಕೊಡುವ ಮೊದಲು ಕಾಗದ

ಸಾಲ ಬೇಡವಾದರೂ ಬ್ಯಾಂಕಿನಲ್ಲಿ ಸಾಲ ಕೇಳಿ ಎಂದು ಹಿರಿಯರು ಹೇಳುವುದುಂಟು. ಬ್ಯಾಂಕಿನ ವಕೀಲರು ಕಾಗದ ನೋಡುತ್ತಾರಲ್ಲ, ಅದಕ್ಕೆ. ಮಾತು ಅರ್ಧ ನಿಜ. ಆ ವಕೀಲರು ನೋಡುವುದು ಬ್ಯಾಂಕಿನ ಹಿತವನ್ನು. ನಾಲ್ಕೈದು ಸಾವಿರ ಕೊಟ್ಟು ನಿಮ್ಮದೇ ವಕೀಲರಿಂದ ಇನ್ನೊಮ್ಮೆ ನೋಡಿಸಿ.

ಸೈಟಿಗೆ ಬೇಕಾದದ್ದು: ಮೂಲಪತ್ರದಿಂದ ಇವತ್ತಿನ ಮಾಲೀಕರವರೆಗಿನ ಕ್ರಯಪತ್ರಗಳ ಸರಪಳಿ, 30 ವರ್ಷದ ಋಣಭಾರ ಪತ್ರ ಅಂದರೆ ಇಸಿ, ಭೂಪರಿವರ್ತನೆ ಆದೇಶ, ಪ್ರಾಧಿಕಾರ ಅನುಮೋದಿಸಿದ ಬಡಾವಣೆ ನಕ್ಷೆ, ಆ ನಿವೇಶನದ ಬಿಡುಗಡೆ ಆದೇಶ, ಈ ವರ್ಷದ ಕಂದಾಯ ರಸೀದಿ, ಇ-ಖಾತಾ (ಆಸ್ತಿ ಯಾರ ಹೆಸರಲ್ಲಿದೆ ಎಂಬ ಸ್ಥಳೀಯ ಸಂಸ್ಥೆಯ ಆನ್‌ಲೈನ್ ದಾಖಲೆ). ಇ-ಖಾತಾ ಇಲ್ಲದೆ ಈಗ ನೋಂದಣಿಯೇ ಆಗುವುದಿಲ್ಲ. ಇಸಿಯನ್ನು ನೋಂದಣಿ ಇಲಾಖೆಯ ಜಾಲತಾಣ ಕಾವೇರಿ 2.0ರಲ್ಲಿ ನೀವೇ ತೆಗೆಯಬಹುದು, ಮಾರುವವರು ಕೊಟ್ಟ ಜೆರಾಕ್ಸ್ ನಂಬಬೇಡಿ.

ಗ್ರಾಮ ಪಂಚಾಯಿತಿ ವ್ಯಾಪ್ತಿಯಾದರೆ ಇ-ಸ್ವತ್ತಿನ (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ) ನಮೂನೆ 9 ಮತ್ತು 11ಎ ಕೇಳಿ. 11ಬಿ ಎಂದು ಬಂದರೆ ಅಲ್ಲೇ ನಿಲ್ಲಿ. ನಗರದಲ್ಲಿ ಬಿ ಖಾತಾ ಇದ್ದಂತೆ ಹಳ್ಳಿಯಲ್ಲಿ 11ಬಿ, ಹೆಚ್ಚಾಗಿ ಸರಿಯಾದ ಅನುಮೋದನೆ ಇಲ್ಲದ ಸೈಟು ಎಂದರ್ಥ. ಕಡಿಮೆ ಬೆಲೆಗೆ ಸಿಗುತ್ತದೆ, ಆದರೆ ಮುಂಚೂಣಿಯ ಬ್ಯಾಂಕುಗಳು ಸಾಲಕ್ಕೆ ಹಿಂದೆಮುಂದೆ ನೋಡುತ್ತವೆ. ಕೊಡುವ ಸಣ್ಣ ಸಂಸ್ಥೆಗಳ ಬಡ್ಡಿ ಎರಡು ಮೂರು ಶೇಕಡಾ ಹೆಚ್ಚಿದ್ದರೆ ಸೈಟಿನಲ್ಲಿ ಉಳಿಸಿದ್ದು ಬಡ್ಡಿಯಲ್ಲಿ ಹೋಗುತ್ತದೆ.

ಫ್ಲ್ಯಾಟಿಗೆ ಇವೆಲ್ಲದರ ಜತೆ ಮಂಜೂರಾದ ನಕ್ಷೆ ಮತ್ತು ಸ್ವಾಧೀನಾನುಭವ ಪತ್ರ, ಅಂದರೆ ಓಸಿ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಓಸಿ ಪರಿಶೀಲಿಸಿಯೇ ಸಾಲ ಕೊಡಬೇಕೆಂದು ಬ್ಯಾಂಕುಗಳಿಗೂ ಹೇಳಿದೆ. «ಓಸಿ ಬರ್ತಾ ಇದೆ ಸಾರ್» ಎಂಬುದು ಓಸಿ ಅಲ್ಲ.

ಟೋಕನ್ ಅಡ್ವಾನ್ಸ್ ಕೊಡುವಾಗ ಕರಾರಿನಲ್ಲಿ ಒಂದು ವಾಕ್ಯ ಬರೆಸಿಕೊಳ್ಳಿ: ದಾಖಲೆಗಳ ದೋಷದಿಂದ ಬ್ಯಾಂಕ್ ಸಾಲ ಸಿಗದಿದ್ದರೆ ಮುಂಗಡ ಪೂರ್ತಿ ವಾಪಸ್. ಇದಕ್ಕೆ ಒಪ್ಪದ ಮಾರಾಟಗಾರರಿಗೆ ತಮ್ಮ ಕಾಗದದ ಮೇಲೆ ತಮಗೇ ನಂಬಿಕೆ ಇಲ್ಲ ಎಂದರ್ಥ.

ಹೆಜ್ಜೆ 5: ಬ್ಯಾಂಕು, ಬಡ್ಡಿ, ಅವಧಿ

2019ರ ಅಕ್ಟೋಬರ್‌ನಿಂದ ಬ್ಯಾಂಕುಗಳು ಕೊಡುವ ಹೊಸ ಬದಲಾಗುವ ಬಡ್ಡಿಯ ಗೃಹಸಾಲಗಳು ಹೊರಗಿನ ಮಾನದಂಡಕ್ಕೆ, ಹೆಚ್ಚಾಗಿ ರೆಪೊ ದರಕ್ಕೆ (ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸಾಲ ಕೊಡುವ ದರ), ಅಂಟಿಕೊಂಡಿರಬೇಕು. ಮೂರು ತಿಂಗಳಿಗೊಮ್ಮೆಯಾದರೂ ದರ ಸರಿಹೊಂದಬೇಕು. 2025ರಲ್ಲಿ ರೆಪೊ 6.50ರಿಂದ ಜೂನ್ ಹೊತ್ತಿಗೆ 5.50ಕ್ಕೆ ಇಳಿದಾಗ ಬ್ಯಾಂಕಿನ ಸಾಲಗಾರರಿಗೆ ಅದು ಬೇಗ ತಲುಪಿತು. ಗೃಹ ಹಣಕಾಸು ಕಂಪನಿಗಳಿಗೆ ಈ ಕಡ್ಡಾಯವಿಲ್ಲ, ಅವು ತಮ್ಮದೇ ಮೂಲದರ ಇಟ್ಟುಕೊಂಡಿರುತ್ತವೆ. ಅವು ಸಂಬಳದ ಚೀಟಿ ಇಲ್ಲದ ಅಂಗಡಿಯವರಿಗೂ ಬೇಗ ಸಾಲ ಕೊಡುತ್ತವೆ ನಿಜ, ಇಳಿಕೆ ಮಾತ್ರ ನಿಧಾನ.

ಬ್ಯಾಂಕಿನವರು ಕೊಡುವ ಮುಖ್ಯಾಂಶಗಳ ಪತ್ರವನ್ನು (2024ರ ಅಕ್ಟೋಬರ್‌ನಿಂದ ಕೊಡಲೇಬೇಕು) ಕೇಳಿ ಪಡೆಯಿರಿ. ಎಲ್ಲ ಶುಲ್ಕ ಸೇರಿ ವಾರ್ಷಿಕ ದರ ಎಷ್ಟಾಗುತ್ತದೆ ಎಂಬ ಒಂದು ಸಂಖ್ಯೆ ಅದರಲ್ಲಿರುತ್ತದೆ. ಎರಡು ಬ್ಯಾಂಕುಗಳನ್ನು ಹೋಲಿಸಬೇಕಾದದ್ದು ಆ ಸಂಖ್ಯೆಯಿಂದ, ಬ್ಯಾನರಿನ ಮೇಲಿನ ದರದಿಂದಲ್ಲ.

ಅವಧಿಯ ಲೆಕ್ಕ ನೋಡಿ. ಅದೇ 40 ಲಕ್ಷ, ಶೇ 8.5. 20 ವರ್ಷಕ್ಕೆ ಕಟ್ಟುವ ಬಡ್ಡಿ 43.3 ಲಕ್ಷ. 30 ವರ್ಷಕ್ಕೆ ಇಎಂಐ 30,760ಕ್ಕೆ ಇಳಿಯುತ್ತದೆ, ಬಡ್ಡಿ 70.7 ಲಕ್ಷಕ್ಕೆ ಏರುತ್ತದೆ. ತಿಂಗಳಿಗೆ ನಾಲ್ಕು ಸಾವಿರದ ಉಳಿತಾಯಕ್ಕೆ 27 ಲಕ್ಷ! ಆದರೂ ಕಟ್ಟುವವರಿಗೆ ನಾನು ಮೊದಲಿಗೆ ಉದ್ದ ಅವಧಿಯನ್ನೇ ಹೇಳುತ್ತೇನೆ. ಬದಲಾಗುವ ಬಡ್ಡಿಯ ಸಾಲವನ್ನು ಮುಂಚಿತವಾಗಿ ತೀರಿಸಿದರೆ ವ್ಯಕ್ತಿಗಳಿಗೆ ದಂಡವಿಲ್ಲ. ಕಟ್ಟುವ ವರ್ಷ ಉಸಿರಾಡಲು ಜಾಗ ಇರಲಿ, ಆಮೇಲೆ ಬೋನಸ್ಸೋ ಅಡಿಕೆ ದುಡ್ಡೋ ಬಂದಾಗ ಅಸಲಿಗೆ ಕಟ್ಟಿ. 20 ವರ್ಷದ ಸಾಲಕ್ಕೆ ವರ್ಷಕ್ಕೊಂದು ಇಎಂಐ ಹೆಚ್ಚಾಗಿ ಕಟ್ಟಿದರೂ ಮೂರು ವರ್ಷ ಮೊದಲೇ ಮುಗಿಯುತ್ತದೆ.

ಸಾಲದ ಜತೆಗೆ ಅಂಟಿಸುವ ಇನ್ಶೂರೆನ್ಸ್ ಅಲ್ಲೇ ತೆಗೆದುಕೊಳ್ಳಬೇಕೆಂಬ ಕಾನೂನಿಲ್ಲ. ಹೊರಗೆ ಟರ್ಮ್ ಪಾಲಿಸಿ ವಿಚಾರಿಸಿ, ಆಮೇಲೆ ಹೂಂ ಅನ್ನಿ.

ಹೆಜ್ಜೆ 6: ಕಟ್ಟುವವರು ಕಂತುಗಳನ್ನು ಪಳಗಿಸುವುದು

ನನ್ನ ಬಳೆಗಳ ಕಥೆ ಶುರುವಾದದ್ದು ಇಲ್ಲೇ. ಬ್ಯಾಂಕು ಕೆಲಸ ಆದ ಮೇಲೆ ದುಡ್ಡು ಕೊಡುತ್ತದೆ, ಮೇಸ್ತ್ರಿ ಕೆಲಸಕ್ಕೆ ಮೊದಲು ದುಡ್ಡು ಕೇಳುತ್ತಾನೆ. ಈ ಸಂದನ್ನು ತುಂಬುವವರು ನೀವು. ಅಷ್ಟೇ ಅಲ್ಲ, ನಿಮ್ಮ ಪಾಲಿನ ದುಡ್ಡು ಮೊದಲು ಕಟ್ಟಡಕ್ಕೆ ಇಳಿದ ಮೇಲೆಯೇ ಬ್ಯಾಂಕಿನ ಮೊದಲ ಕಂತು ಬರುತ್ತದೆ. ಪಾಯ ಬಹುತೇಕ ನಿಮ್ಮ ಖರ್ಚಿನಲ್ಲೇ ಏಳುತ್ತದೆ.

ಸಾಮಾನ್ಯವಾಗಿ ಪಾಯ, ಲಿಂಟಲ್, ಮೋಲ್ಡ್, ಗಿಲಾವು ಮತ್ತು ನೆಲ, ಕೊನೆಯ ಕೆಲಸ ಎಂದು ಹಂತಗಳಿರುತ್ತವೆ. ಪ್ರತಿ ಹಂತಕ್ಕೆ ಎಷ್ಟು ಶೇಕಡಾ ಎಂಬ ಪಟ್ಟಿಯನ್ನು ಮಂಜೂರಾತಿ ಪತ್ರದ ಜತೆ ಕೇಳಿ ಪಡೆಯಿರಿ. ಗುತ್ತಿಗೆದಾರರ ಕರಾರನ್ನು ಅದೇ ಪಟ್ಟಿಗೆ ಹೊಂದಿಸಿ ಬರೆಸಿ. ನಾನು ಇದನ್ನು ಉಲ್ಟಾ ಮಾಡಿದ್ದೆ: ಮೇಸ್ತ್ರಿಯ ಜತೆ ಮೊದಲು ಮಾತು ಮುಗಿಸಿ ಆಮೇಲೆ ಬ್ಯಾಂಕಿಗೆ ಹೋದೆ.

ಹಂತ ಮುಗಿಯುವ ವಾರ ಮೊದಲೇ ಅರ್ಜಿ ಕೊಡಿ. ಫೋಟೊ, ಖರ್ಚಿನ ಬಿಲ್ಲು, ಎಂಜಿನಿಯರ್ ಪತ್ರ ಸಿದ್ಧವಿರಲಿ. ಇದರ ಮೇಲೆ ಕನಿಷ್ಠ ಒಂದು ಕಂತಿನಷ್ಟು ದುಡ್ಡು ಬೇರೆ ಖಾತೆಯಲ್ಲಿ ಮುಟ್ಟದೆ ಇಡಿ.

ಅಂದಾಜುಪಟ್ಟಿಯಲ್ಲಿ ಸಂಪು, ಕಾಂಪೌಂಡು, ಗೇಟು ಸೇರಿಸಲು ಬ್ಯಾಂಕು ಒಪ್ಪುತ್ತದೆಯೇ ಎಂದು ಮೊದಲೇ ಕೇಳಿ, ಕಟ್ಟಡ ಅರ್ಧವಾದ ಮೇಲೆ ಸಾಲ ಏರಿಸುವುದು ಹೊಸ ಸಾಲ ತೆಗೆದಷ್ಟೇ ಅಲೆದಾಟ. ಮಂಜೂರಾದ ನಕ್ಷೆ ಬಿಟ್ಟು «ಹೇಗೂ ಮೋಲ್ಡ್ ಹಾಕ್ತಿದೀವಿ, ಮೇಲೊಂದು ರೂಮು» ಎಂದು ಎಳೆದರೆ ಸ್ಥಳ ನೋಡಲು ಬಂದ ಎಂಜಿನಿಯರು ವರದಿ ಬರೆಯುತ್ತಾರೆ, ಕಂತು ನಿಲ್ಲುತ್ತದೆ.

ಕಟ್ಟುವ ಅವಧಿಯಲ್ಲಿ ಪೂರ್ತಿ ಇಎಂಐ ಕಟ್ಟಬೇಕಿಲ್ಲ. ಬಿಡುಗಡೆಯಾದಷ್ಟಕ್ಕೆ ಬಡ್ಡಿ ಕಟ್ಟಿದರೆ ಸಾಕು: 6 ಲಕ್ಷ ಬಂದಿದ್ದರೆ ತಿಂಗಳಿಗೆ 4,250, 15 ಲಕ್ಷವಾದಾಗ 10,625. ಇದರಲ್ಲಿ ಅಸಲು ಒಂದು ರೂಪಾಯಿಯೂ ಕರಗುವುದಿಲ್ಲ, ಆದ್ದರಿಂದ ಕೆಲಸ ಎಳೆದಷ್ಟೂ ನಷ್ಟ. ಬಡ್ಡಿ ಶುರುವಾಗಬೇಕಾದದ್ದು ಹಣ ಕೈಗೆ ಬಂದ ದಿನದಿಂದ. ಮಂಜೂರಾದ ದಿನದಿಂದ ಹಾಕುವ ಪದ್ಧತಿಯನ್ನು 2024ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕು ತಪ್ಪೆಂದು ಹೇಳಿದೆ. ಸ್ಟೇಟ್‌ಮೆಂಟ್ ತೆಗೆದು ತಾರೀಕು ನೋಡಿ.

ಸಬ್ಸಿಡಿ, ತೆರಿಗೆ: ಇದ್ದರೆ ಸರಿ, ನಂಬಿ ಹೊರಡಬೇಡಿ

ಪ್ರಧಾನಮಂತ್ರಿ ಆವಾಸ್ ಯೋಜನೆ ನಗರ 2.0ರ ಬಡ್ಡಿ ಸಬ್ಸಿಡಿಗೆ ಕುಟುಂಬದ ವಾರ್ಷಿಕ ಆದಾಯ 9 ಲಕ್ಷದೊಳಗಿರಬೇಕು, ಮನೆಯ ಬೆಲೆ 35 ಲಕ್ಷ, ಸಾಲ 25 ಲಕ್ಷ ಮೀರಬಾರದು, ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇರಬಾರದು. ಸಾಲದ ಮೊದಲ 8 ಲಕ್ಷಕ್ಕೆ ಶೇ 4ರಂತೆ, ಹೆಚ್ಚೆಂದರೆ 1.80 ಲಕ್ಷ, ಐದು ವಾರ್ಷಿಕ ಕಂತುಗಳಲ್ಲಿ ಬರುತ್ತದೆ. ನಮ್ಮ 50 ಲಕ್ಷದ ಉದಾಹರಣೆಗೆ ಸಿಗುವುದಿಲ್ಲ.

ತೆರಿಗೆಯಲ್ಲಿ ಹಳೆಯ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ ಸ್ವಂತ ವಾಸದ ಮನೆಯ ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗೆ ವಿನಾಯಿತಿ. ಅದಕ್ಕೆ, ಸಾಲ ತೆಗೆದ ಆರ್ಥಿಕ ವರ್ಷ ಮುಗಿದು ಐದು ವರ್ಷದೊಳಗೆ ಕಟ್ಟಡ ಮುಗಿದಿರಬೇಕು. ಹೊಸ ಪದ್ಧತಿಯಲ್ಲಿ ಇದಿಲ್ಲ. 50 ಲಕ್ಷ ಅಥವಾ ಹೆಚ್ಚಿನ ಬೆಲೆಯ ಆಸ್ತಿಯಾದರೆ ಮಾರುವವರಿಗೆ ಕೊಡುವ ಹಣದಲ್ಲಿ ಶೇ 1 ಟಿಡಿಎಸ್ ಹಿಡಿದು ಸರ್ಕಾರಕ್ಕೆ ಕಟ್ಟುವ ಹೊಣೆ ನಿಮ್ಮದು. ಮಾರುವವರು ಅಮೆರಿಕದಲ್ಲೋ ದುಬೈಯಲ್ಲೋ ನೆಲೆಸಿರುವವರಾದರೆ ಟಿಡಿಎಸ್ ದರವೇ ಬೇರೆ, ಲೆಕ್ಕಪರಿಶೋಧಕರನ್ನು ಕೇಳದೆ ಹಣ ಕಳಿಸಬೇಡಿ.

ದಾಖಲೆ ಒಪ್ಪಿಸುವ ದಿನ

ಮೂಲ ಕಾಗದಗಳನ್ನು ಬ್ಯಾಂಕಿಗೆ ಕೊಡುವಾಗ ಯಾವ ಪತ್ರ, ಎಷ್ಟು ಪುಟ, ಯಾವ ತಾರೀಕಿನದು ಎಂಬ ಪಟ್ಟಿ ಮಾಡಿಸಿ ಸೀಲು ಸಹಿ ಹಾಕಿಸಿಕೊಳ್ಳಿ. ಪ್ರತಿ ಪುಟದ ಸ್ಕ್ಯಾನ್ ನಿಮ್ಮ ಬಳಿ ಇರಲಿ. ಸಾಲ ತೀರಿದ 30 ದಿನದೊಳಗೆ ಬ್ಯಾಂಕು ಎಲ್ಲವನ್ನೂ ಹಿಂದಿರುಗಿಸಬೇಕು, ಅದರ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕೆಂದು 2023ರ ಡಿಸೆಂಬರ್‌ನಿಂದ ನಿಯಮವಿದೆ. ಏನು ಕೊಟ್ಟಿದ್ದಿರಿ ಎಂದು ಸಾಬೀತಾದರೆ ತಾನೇ ಪರಿಹಾರ? ಆಮೇಲೆ ಉಪನೋಂದಣಿ ಕಚೇರಿಯಲ್ಲಿ ಒತ್ತೆ ರದ್ದು ಮಾಡಿಸಿ, ಹೊಸದೊಂದು ಇಸಿ ತೆಗೆಸಿ, ಬ್ಯಾಂಕಿನ ಋಣ ತೀರಿದ ನಮೂದು ಅದರಲ್ಲಿ ಬಂದಿದೆಯೇ ನೋಡಿ.

ನಮ್ಮ ಪಟ್ಟಿಯಲ್ಲಿ ಹದಿನೇಳು ಪತ್ರಗಳಿವೆ. ಬೀರುವಿನ ಒಳಬಾಗಿಲಿಗೆ ಒಂದು ಜೆರಾಕ್ಸ್ ಅಂಟಿಸಿಟ್ಟಿದ್ದೇವೆ, ಬಿಡಿಸಿಕೊಂಡು ಬಂದ ಬಳೆಗಳು ಇರುವ ಅದೇ ಬೀರು.